ಅಮ್ಮನ ಚಮಚ

ಕೂದಲು ಒಣಗಿಸುವ ಯಂತ್ರ ಹಿಡಿದು ಕಬ್ಬಿಣ ಕಾಯಿಸಲು ಹೊರಟವಳನ್ನು ನೋಡಿ ಬೀದಿಯವರು ನಗದೆ ಇನ್ನೇನು ಮಾಡಿಯಾರು? ನಗಲಿ ಬಿಡಿ. ಅವರ ಬಾಯಿ, ಅವರ ಹಲ್ಲು. ಆ ಯಂತ್ರ ನನಗೆ ಪುಕ್ಕಟೆ ಸಿಕ್ಕಿತ್ತು ಅನ್ನುವುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಎದುರು ಮನೆಯ ಬ್ಯೂಟಿ ಪಾರ್ಲರ್ ಮುಚ್ಚಿದಾಗ ಅದರ ಯಜಮಾನಿ ಅದನ್ನು ಕಸದ ಡಬ್ಬಿಯ ಮೇಲಿಟ್ಟು ಹೋಗಿದ್ದಳು. ಬಿಸಿ ಸತ್ತುಹೋಗಿತ್ತು, ಬರೀ ಗಾಳಿ ಬರುತ್ತಿತ್ತು. ಕುಲುಮೆಗೆ ಬೇಕಾದದ್ದೂ ಅಷ್ಟೇ.

ಉಳಿದದ್ದನ್ನು ಗುಜರಿ ಅಂಗಡಿಯ ತೂಕದಣ್ಣನಿಂದ ತಂದೆ. ಯಾವ ವಸ್ತುವನ್ನಾದರೂ ಕಣ್ಣಲ್ಲೇ ತೂಗಿಬಿಡುವ ಮನುಷ್ಯ, ಅದಕ್ಕೇ ಆ ಹೆಸರು. ಲಾರಿಯ ಹಳೇ ಬ್ರೇಕ್ ಡ್ರಮ್ ಒಲೆಯಾಯಿತು. ಅದರ ತಳದ ತೂತಿಗೆ ನೀರಿನ ಪೈಪೊಂದನ್ನು ಕೂರಿಸಿ, ಪೈಪಿನ ಇನ್ನೊಂದು ತುದಿಗೆ ಗಾಳಿಯ ಯಂತ್ರವನ್ನು ಹಳೇ ಬಟ್ಟೆಯಿಂದ ಬಿಗಿದೆ. ಕಬ್ಬಿಣ ಇಟ್ಟು ಬಡಿಯಲು ನಿಜವಾದ ಅಡಿಗಲ್ಲು ಕೊಳ್ಳುವುದು ಕನಸಿನ ಮಾತು. ಲಾರಿಯ ಆಕ್ಸಲಿನ ತುಂಡನ್ನು ಮರದ ಕೊರಡಿನಲ್ಲಿ ನಿಲ್ಲಿಸಿ, ಅದರ ಚಪ್ಪಟೆ ತಲೆಯನ್ನೇ ಅಡಿಗಲ್ಲು ಎಂದು ಕರೆದೆ. ಇಕ್ಕಳದ ಬದಲು ನಲ್ಲಿ ರಿಪೇರಿಯವನು ಬಿಸಾಡಿದ ಪ್ಲೈಯರ್. ಇದ್ದಿಲು ಮೂಲೆಯ ಬೇಕರಿಯ ಒಲೆಯದು.

“ನೀನು ಕಮ್ಮಾರನ ಮಗಳು ಅನ್ನೋದಕ್ಕೆ ಸದ್ಯಕ್ಕೆ ಇರೋ ಸಾಕ್ಷಿ ನಿನ್ನ ಮೂಗಿನ ತುದೀಲಿರೋ ಕೋಪ ಒಂದೇ ಕಣಮ್ಮ” ಎಂದ ತೂಕದಣ್ಣ, ಎಲ್ಲವನ್ನೂ ಕೈಗಾಡಿಗೆ ಹೇರುತ್ತಾ.

ಅವನು ಹೇಳಿದ್ದು ಸುಳ್ಳಲ್ಲ. ಅಪ್ಪ ಬದುಕಿರುವಷ್ಟು ದಿನ ನನ್ನನ್ನು ಕುಲುಮೆಯ ಹೊಸಿಲು ದಾಟಗೊಡಲಿಲ್ಲ. ಒಳಗೆ ಜಾಗವಿದ್ದದ್ದು ಇಬ್ಬರಿಗೆ ಮಾತ್ರ. ಅಪ್ಪನ ಕೈಯಲ್ಲಿ ಸಣ್ಣ ಸುತ್ತಿಗೆ, ಅಮ್ಮನ ಕೈಯಲ್ಲಿ ಸಮ್ಮಟಿಗೆ, ಎರಡೂ ಕೈಯಿಂದ ತಲೆಯ ಮೇಲಕ್ಕೆ ಎತ್ತಿ ಬಡಿಯುವಂಥದ್ದು. ಬಡಿಯುವಾಗ ಅವರಿಬ್ಬರ ನಡುವೆ ಒಂದು ಮಾತೂ ಇರುತ್ತಿರಲಿಲ್ಲ. ಇವರಿಗೆ ದಿನಾ ಜಗಳ ಎಂದೇ ನಾನು ಚಿಕ್ಕವಳಿದ್ದಾಗ ತಿಳಿದಿದ್ದೆ. ಅಪ್ಪ ತೀರಿಕೊಂಡ ಮೇಲೆ ರಸ್ತೆ ಅಗಲ ಮಾಡುವವರು ಬಂದು ಕುಲುಮೆಯನ್ನು ಕೆಡವಿದರು. ಸಾಮಾನುಗಳು ಯಾರ ಯಾರ ಪಾಲಾದವೋ. ನಾನು ಅಂಗಿ ಗುಂಡಿ ಮಾಡುವ ಕಾರ್ಖಾನೆಗೆ ಸೇರಿ, ಅಲ್ಲೇ ನಡುವಯಸ್ಸಿಗೆ ಬಂದೆ.

ಒಂದು ಬೆಳಗ್ಗೆ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಜೊತೆಗೆ ಮಾತು. ಎಡಗೈ ಮಾತ್ರ ಉಳಿಯಿತು. ಅಮ್ಮನ ಹತ್ತಿರ ಕೂರಲು ರಜೆಯ ಮೇಲೆ ರಜೆ ಹಾಕಿದೆ. ಕಾರ್ಖಾನೆಯವರು ಎಷ್ಟು ಅಂತ ತಾಳಿಯಾರು? ಮನೆಯಲ್ಲೇ ಇರಿ ಎಂದು ಕಳಿಸಿದರು. ಆಮೇಲೆ ಅಣ್ಣನ ಫೋನು ಬರತೊಡಗಿತು. ಅಣ್ಣ ಕೆಟ್ಟವನಲ್ಲ. ಅವನಿಗೆ ಮೂರು ಹೊಟ್ಟೆ, ಒಂದೇ ಸಂಬಳ.

“ನೀನು ಕೆಲಸಕ್ಕೆ ಹೋದ್ರೆ ಅಮ್ಮನ್ನ ನೋಡೋರಿಲ್ಲ. ಅಮ್ಮನ್ನ ನೋಡ್ಕೊಂಡು ಕೂತ್ರೆ ನಿಂಗೆ ಊಟಕ್ಕಿಲ್ಲ. ನಾನಾದ್ರೂ ಎಲ್ಲಿಂದ ತರ್ಲಿ ಹೇಳು? ತಿಂಗಳ ಕೊನೇಲಿ ಬರ್ತೀನಿ. ಅಮ್ಮನ್ನ ಆರೈಕೆ ಕೇಂದ್ರಕ್ಕೆ ಸೇರಿಸಿಬಿಡೋಣ. ಅಲ್ಲಿ ಚೆನ್ನಾಗಿ ನೋಡ್ಕೋತಾರೆ ಕಣೇ.”

ನಾನು ಆ ಕೇಂದ್ರವನ್ನು ನೋಡಿ ಬಂದಿದ್ದೆ. ಸಾಲು ಮಂಚಗಳು, ಗೋಡೆಯ ಮೇಲೆ ಎತ್ತರದಲ್ಲಿ ಒಂದು ಟೀವಿ. ಟೀವಿ ಆರಿತ್ತು. ಆದರೂ ಮಂಚದ ಮೇಲಿದ್ದವರೆಲ್ಲ ಅದರ ಕಡೆಗೇ ಮುಖ ಮಾಡಿಕೊಂಡಿದ್ದರು. ಅಮ್ಮನನ್ನು ಅಲ್ಲಿ ಬಿಟ್ಟು ಬರುವುದಕ್ಕಿಂತ ನಾನು ಬೀದಿ ಗುಡಿಸಿಯೇನು ಎಂದುಕೊಂಡು ಬಂದೆ. ಆದರೆ ಬೀದಿ ಗುಡಿಸಲೂ ಮನೆ ಬಿಟ್ಟು ಹೊರಗೆ ಹೋಗಬೇಕಲ್ಲ.

ಅಂಥ ಹೊತ್ತಿನಲ್ಲಿ ಕಲ್ಲು ಕೆತ್ತುವ ಮೇಸ್ತ್ರಿ ಅಪ್ಪನನ್ನು ಹುಡುಕಿಕೊಂಡು ಬಂದ. ಅಪ್ಪ ಹೋಗಿ ಇಷ್ಟು ವರ್ಷವಾದರೂ ಅವನಿಗೆ ಗೊತ್ತಿರಲಿಲ್ಲ. ಅವನ ಚೀಲದಲ್ಲಿ ಮೊಂಡಾದ ಉಳಿಗಳಿದ್ದವು.

“ಗ್ರೈಂಡರ್‌ನಲ್ಲಿ ಮಸೀತೀವಿ, ಮಧ್ಯಾಹ್ನದೊಳಗೆ ಮತ್ತೆ ಮೊಂಡು. ಕಾಯ್ಸಿ, ಬಡಿದು, ಹದ ಹಾಕೋರೇ ಇಲ್ಲ ಈಗ. ಯಾರಾದ್ರೂ ಸಿಕ್ಕಿದ್ರೆ ನಮ್ಮ ಕೆಲಸದೋರ ಉಳಿಯೆಲ್ಲ ಅವರ ಕೈಗೇ. ವರ್ಷಪೂರ್ತಿ ಕೆಲಸ.”

“ನಾನು ಮಾಡ್ಕೊಡ್ತೀನಿ” ಎಂದುಬಿಟ್ಟೆ. ನನ್ನ ಬಾಯಿ ಯಾವತ್ತೂ ನನ್ನ ತಲೆಗಿಂತ ಮುಂದೆ.

ಮೇಸ್ತ್ರಿ ನಗಲಿಲ್ಲ. ಒಂದು ಉಳಿಯನ್ನು ನನ್ನ ಕೈಗಿಟ್ಟು “ಮಾಡಿ ತೋರ್ಸಮ್ಮ, ಬಂದು ನೋಡ್ತೀನಿ” ಎಂದು ಹೊರಟ. ಕೆಲಸ ಮನೆಯ ಹಿತ್ತಿಲಲ್ಲೇ, ಅಮ್ಮ ಕಣ್ಣೆದುರಿಗೇ. ಅಣ್ಣ ಬರುವುದರೊಳಗೆ ಈ ಕೆಲಸ ಕೈಗೆ ಹತ್ತಿದರೆ ಅಮ್ಮ ಮನೆಯಲ್ಲೇ ಉಳಿಯುತ್ತಾಳೆ, ಇಲ್ಲದಿದ್ದರೆ ಆ ಆರಿದ ಟೀವಿ.

ಹೀಗೆ ಶುರುವಾಯಿತು ನನ್ನ ಕಮ್ಮಾರಿಕೆ. ಗುರು ಎಂದರೆ ಮೊಬೈಲಿನಲ್ಲಿ ಬರುವ ಒಬ್ಬ ಗಡ್ಡದವನು. ಬಡವರೂ ಮಾಡಬಹುದಾದ ಕುಲುಮೆ ಎಂದು ತೋರಿಸುತ್ತಿದ್ದ. ಅವನು ನಿಂತು ತೋರಿಸುತ್ತಿದ್ದ ಶೆಡ್ಡು ನಮ್ಮ ಮನೆಗಿಂತ ದೊಡ್ಡದಿತ್ತು. ಮೇಸ್ತ್ರಿಯ ಉಳಿ ಕೆಡಿಸುವುದು ಬೇಡವೆಂದು ಮೊದಲು ಕಂಬಿಯ ತುಂಡುಗಳನ್ನು ಕಾಯಿಸಿ ಬಡಿದೆ. ಮೊದಲ ದಿನವೇ ಪೈಪಿನಿಂದ ಬೆಳ್ಳನೆಯ ಹೊಗೆ ಎದ್ದಿತು. ನಾನು ಬೆಂಕಿ ಚೆನ್ನಾಗಿ ಹತ್ತಿತು ಎಂದು ಹಿಗ್ಗಿದೆ. ಸಂಜೆಗೆ ಮೈ ನಡುಗಿ ಜ್ವರ. ಪೈಪಿನ ಮೇಲಿನ ಸತುವಿನ ಲೇಪ ಸುಟ್ಟ ಹೊಗೆ ವಿಷ ಎಂದು ತೂಕದಣ್ಣ ಬಂದು ಬಾಯಿಗೆ ಬಂದಂತೆ ಬೈದು, ಬೇರೆ ಪೈಪು ಕೊಟ್ಟು ಹೋದ.

ಜ್ವರ ಬಿಟ್ಟಿತು, ಕಬ್ಬಿಣ ಮಾತ್ರ ಬಗ್ಗಲಿಲ್ಲ. ಎಷ್ಟು ಬಡಿದರೂ ಅಂಚು ಸೀಳುತ್ತಿತ್ತು, ಇಲ್ಲವೇ ಕೈ ಜುಮ್ಮೆನ್ನುತ್ತಿತ್ತು. ಸಾಲದ್ದಕ್ಕೆ ಅಮ್ಮ. ಅವಳ ಕಬ್ಬಿಣದ ಮಂಚ ಹಿತ್ತಿಲ ಕಿಟಕಿಯ ಪಕ್ಕದಲ್ಲಿತ್ತು. ಏನಾದರೂ ಬೇಕಾದರೆ ಕರೆಯಲಿ ಎಂದು ಎಡಗೈಗೆ ಒಂದು ಸ್ಟೀಲ್ ಚಮಚ ಕೊಟ್ಟಿದ್ದೆ. ನಾನು ಬಡಿಯಲು ಶುರು ಮಾಡಿದರೆ ಸಾಕು, ಮಂಚದ ಸರಳಿಗೆ ಟಣ್ ಎಂದು ಕುಟ್ಟುತ್ತಿದ್ದಳು. ನೀರಿಗೋ, ಮಗ್ಗುಲು ಬದಲಿಸುವುದಕ್ಕೋ ಎಂದು ಎಲ್ಲ ಬಿಟ್ಟು ಓಡುತ್ತಿದ್ದೆ. ನೀರು ಕೊಟ್ಟರೆ ಬಾಯಿ ಬಿಗಿಹಿಡಿಯುವಳು. ಮಗ್ಗುಲು ತಿರುಗಿಸಿದರೆ ಕಣ್ಣು ಕೆಂಪಗೆ ಮಾಡುವಳು. ವಾಪಸ್ಸು ಬರುವಷ್ಟರಲ್ಲಿ ಕಬ್ಬಿಣ ತಣ್ಣಗಾಗಿರುತ್ತಿತ್ತು. ಹಾಗೇ ಎತ್ತಿ ಬಡಿದರೆ ಮತ್ತೆ ಟಣ್.

“ಏನಮ್ಮಾ ನಿಂದು? ನನ್ನ ಪ್ರಾಣ ತಿನ್ನೋಕೇ ಬದುಕಿದೀಯಾ?” ಎಂದು ಕೂಗಾಡಿದೆ. ಸದ್ದಿನ ಕಾಟ ತಪ್ಪಲಿ ಎಂದು ಒತ್ತಿದರೆ ಕೀಚ್ ಎನ್ನುವ ರಬ್ಬರ್ ಬಾತುಕೋಳಿಯೊಂದನ್ನು ತಂದುಕೊಟ್ಟೆ. ಅಮ್ಮ ಅದನ್ನು ಒಮ್ಮೆ ಒತ್ತಿ ನೋಡಿ, ಎಡಗೈಯಿಂದಲೇ ಕಿಟಕಿಯಾಚೆಗೆ ಎಸೆದಳು. ಅದು ನೇರವಾಗಿ ನೀರಿನ ಬಕೆಟ್ಟಿಗೆ ಬಿದ್ದು ತೇಲಿತು. ಆ ದಿನ ಅಳುವ ಬದಲು ನಕ್ಕೆ, ನಕ್ಕು ಮುಗಿದ ಮೇಲೆ ಅತ್ತೆ.

ಮೇಸ್ತ್ರಿ ಮತ್ತೆ ಬಂದಾಗ ನಾನು ಬಡಿಯುತ್ತಿದ್ದೆ, ಅಮ್ಮ ಕುಟ್ಟುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು ತಲೆ ಓರೆ ಮಾಡಿ ಕೇಳಿದ. ಆಮೇಲೆ ಗಟ್ಟಿಯಾಗಿ ನಕ್ಕುಬಿಟ್ಟ.

“ಅಮ್ಮ ಸಾಕು ಅಂತಿದಾರಲ್ಲ, ನೀನ್ಯಾಕೆ ಇನ್ನೂ ಬಡೀತಾ ಇದೀಯ?”

“ಸಾಕು ಅಂತಾನಾ?”

“ನಿಮ್ಮಪ್ಪನ ಹತ್ರ ಬಂದಾಗೆಲ್ಲ ನೋಡ್ತಿದ್ದೆ. ಅವರು ಬಾಯಿ ಬಿಡ್ತಿರಲಿಲ್ಲ, ಸಣ್ಣ ಸುತ್ತಿಗೇಲೇ ಮಾತು. ಕಾದ ಕಬ್ಬಿಣದ ಮೇಲೆ ಮುಟ್ಟಿಸಿದ್ರೆ ಇಲ್ಲಿ ಹೊಡಿ ಅಂತ. ಅಡಿಗಲ್ಲಿನ ಅಂಚಿಗೆ ಒಂದು ಟಣ್ ಅಂದ್ರೆ ನಿಲ್ಸು, ಕಾವು ಹೋಯ್ತು, ಬೆಂಕಿಗೆ ಹಾಕು ಅಂತ. ಸಂಜೆ ಸುತ್ತಿಗೇನ ಅಡ್ಡ ಮಲಗಿಸಿದ್ರೆ ಇವತ್ತಿಗೆ ಮುಗೀತು, ಮನೆಗೆ ನಡಿ ಅಂತ.”

ಅವರು ಜಗಳವಾಡಿಕೊಂಡಿರಲಿಲ್ಲ. ಇಡೀ ದಿನ ಮಾತಾಡುತ್ತಿದ್ದರು. ಇಷ್ಟು ದಿನ ಅಮ್ಮ ಅಪ್ಪನ ಜಾಗದಲ್ಲಿ ಕೂತು ನನಗೆ ಕೆಲಸ ಹೇಳಿಕೊಡುತ್ತಿದ್ದಳು. ನಾನು ಮೂತ್ರದ ಪಾತ್ರೆ ಹಿಡಿದುಕೊಂಡು ಓಡುತ್ತಿದ್ದೆ.

ಅಂದಿನಿಂದ ಅಮ್ಮ ಟಣ್ ಎಂದರೆ ನಾನು ಸುತ್ತಿಗೆ ಇಳಿಸಿ ಕಬ್ಬಿಣವನ್ನು ಬೆಂಕಿಗೆ ಹಾಕಿದೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಆ ಮೊಂಡು ಕಂಬಿ ಚಪಾತಿ ಹಿಟ್ಟಿನ ಹಾಗೆ ಎಳೆದ ಕಡೆಗೆ ಬಂತು. ಕಿಟಕಿಗೆ ಅರ್ಧ ಪರದೆ ಬಿದ್ದಿರುತ್ತಿತ್ತು, ಒಳಗಿನಿಂದ ಅಡಿಗಲ್ಲು ಸರಿಯಾಗಿ ಕಾಣುವುದೂ ಇಲ್ಲ. ಆದರೂ ಅವಳ ಚಮಚ ಒಂದು ಸಲವೂ ತಪ್ಪುತ್ತಿರಲಿಲ್ಲ. ಅದು ಹೇಗೆ ಎಂದು ನಾನು ಯೋಚಿಸಲೇ ಇಲ್ಲ. ಅಮ್ಮ ಅಂದ ಮೇಲೆ ಗೊತ್ತೇ ಇರುತ್ತದೆ ಎಂದುಕೊಂಡೆ.

ಬಡಿಯುವುದು ಬಂತು, ಇನ್ನು ಹದ. ಉಳಿಯ ಮೂತಿಯನ್ನು ಕೆಂಪಗೆ ಕಾಯಿಸಿ, ತುದಿಯನ್ನಷ್ಟೇ ನೀರಿಗೆ ಮುಟ್ಟಿಸಿ ತೆಗೆದು, ಇಟ್ಟಿಗೆ ಚೂರಿನಿಂದ ಉಜ್ಜಿ ಹೊಳಪು ಬರಿಸಬೇಕು. ಹಿಂಭಾಗದಲ್ಲಿ ಉಳಿದ ಕಾವು ತುದಿಯ ಕಡೆಗೆ ಹರಿಯುವಾಗ ಆ ಹೊಳಪಿನ ಮೇಲೆ ಬಣ್ಣಗಳು ಒಂದರ ಹಿಂದೊಂದು ತೆವಳಿ ಬರುತ್ತವೆ. ಮೊದಲು ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಸರಿಯಾದ ಬಣ್ಣ ತುದಿ ಮುಟ್ಟಿದ ಕೂಡಲೇ ಇಡೀ ಉಳಿಯನ್ನು ನೀರಿಗೆ ಮುಳುಗಿಸಬೇಕು. ಆತುರಪಟ್ಟರೆ ಉಳಿ ಸಿಡಿದು ಒಡೆಯುತ್ತದೆ, ತಡಮಾಡಿದರೆ ಮೆತ್ತಗಾಗುತ್ತದೆ. ಕಲ್ಲಿನ ಉಳಿಗೆ ಸರಿಯಾದ ಬಣ್ಣ ಯಾವುದು ಎಂಬುದನ್ನು ಗಡ್ಡದವನು ದಿನಕ್ಕೊಂದು ಹೇಳುತ್ತಿದ್ದ. ಮೇಸ್ತ್ರಿ “ಅದು ನಿಮ್ಮಪ್ಪಂಗೆ ಗೊತ್ತಿತ್ತು, ನಿಮ್ಮಮ್ಮಂಗೆ ಗೊತ್ತಿದೆ” ಎಂದ.

ಅಮ್ಮನ ಮಂಚವನ್ನು ತೂಕದಣ್ಣನ ನೆರವಿನಿಂದ ಹಿತ್ತಿಲಿಗೇ ತಂದು, ಸೂರಿನ ನೆರಳಿನಲ್ಲಿ, ಬಕೆಟ್ಟಿನ ಪಕ್ಕಕ್ಕೆ ಹಾಕಿದೆ. ತಲೆಗೆ ದಿಂಬು ಏರಿಸಿ ಕೂರಿಸಿದೆ. ಅವಳು ಸೆರಗು ಸರಿಮಾಡಿಕೊಂಡ ಠೀವಿ ನೋಡಬೇಕಿತ್ತು. ಮೇಸ್ತ್ರಿ ಕೊಟ್ಟ ಉಳಿಯನ್ನು ಕಾಯಿಸಿ, ತುದಿ ಮುಟ್ಟಿಸಿ, ಉಜ್ಜಿ, ಅವಳ ಮುಖದ ಮುಂದೆ ಹಿಡಿದೆ. ಹಳದಿ ಬಂತು. ಕಂದು ತುದಿಗೆ ಬರುತ್ತಿದ್ದಂತೆ ಪ್ಲೈಯರಿನ ಹಿಡಿ ಕಾದು ನನ್ನ ಕೈ ಚುರ್ ಎಂದಿತು. ಉಳಿ ಜಾರಿ ನೀರಿಗೆ ಬಿದ್ದು ಚೊಂಯ್ ಎಂದಿತು. ಅಮ್ಮನ ಟಣ್ ಬಂದದ್ದು ಆಮೇಲೆ. ಕೈಜಾರಿಸಿದ್ದಕ್ಕೆ ಗದರಿದಳು ಎಂದುಕೊಂಡೆ.

ಕೆಟ್ಟಿತೆಂದು ನಾಚಿಕೊಂಡೇ ಆ ಉಳಿಯನ್ನು ಮೇಸ್ತ್ರಿಗೆ ಕೊಟ್ಟೆ. ಮಾರನೆಯ ದಿನ ಅವನು ಓಡೋಡಿ ಬಂದ.

“ಬೆಳಗ್ಗಿಂದ ಕೆತ್ತಿದೀನಿ, ಮೊನೆ ಹಾಗೇ ಇದೆ! ತಗೋ, ಇದಿಷ್ಟೂ ಮಾಡು. ಇದು ಸರಿಹೋದ್ರೆ ಮಾತು ಪಕ್ಕಾ.” ದೊಡ್ಡ ಕಟ್ಟೊಂದನ್ನು ದೊಪ್ಪೆಂದು ಇಳಿಸಿದ.

ಅಮ್ಮನ ಕೆನ್ನೆಗೆ ಕೆನ್ನೆ ಒತ್ತಿ ಮುತ್ತಿಟ್ಟೆ. ಅವಳ ಅರ್ಧ ಬಾಯಿ ನಕ್ಕಿತು. ಅಣ್ಣನಿಗೆ ಫೋನ್ ಮಾಡಿ, ಬರೋದಾದ್ರೆ ಊಟಕ್ಕೆ ಬಾ, ಅಮ್ಮನ್ನ ಕರ್ಕೊಂಡು ಹೋಗೋಕಲ್ಲ ಎಂದು ಜಂಬ ಕೊಚ್ಚಿಕೊಂಡೆ.

ಆ ಕಟ್ಟಿನ ಒಂದೊಂದು ಉಳಿಯನ್ನೂ ಅಮ್ಮನ ಚಮಚ ಹೇಳಿದ ಹಾಗೆಯೇ ಮಾಡಿದೆ. ಬೆರಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಈ ಸಲ ಜಾರಿಸದೆ, ಅವಳ ಕಣ್ಣೆದುರು ಹಿಡಿದು ಟಣ್ ಎನ್ನುವವರೆಗೆ ಕಾದೆ. ಹಳದಿ ಹೋಗುತ್ತಿತ್ತು, ಕಂದು ಹೋಗುತ್ತಿತ್ತು, ತುದಿಯಲ್ಲಿ ನೀಲಿ ನಿಂತ ಮೇಲೆ ಟಣ್ ಬರುತ್ತಿತ್ತು. ನಾನು ಮುಳುಗಿಸುತ್ತಿದ್ದೆ, ಚೊಂಯ್ ಎನ್ನುತ್ತಿತ್ತು, ಅಮ್ಮ ತೃಪ್ತಿಯಿಂದ ಕಣ್ಣು ಮುಚ್ಚುತ್ತಿದ್ದಳು. ಮೊದಲ ಉಳಿ ಜಾರಿದಾಗ ತುದಿಯಲ್ಲಿದ್ದದ್ದು ಕಂದು, ಈಗಿನದು ನೀಲಿ, ಅದು ನನಗೆ ಕಾಣುತ್ತಿತ್ತು. ಆದರೆ ಅಮ್ಮನಿಗೆ ಎದುರು ಹೇಳಲು ನಾನ್ಯಾರು?

ಮೇಸ್ತ್ರಿ ಕಟ್ಟು ವಾಪಸ್ಸು ತಂದಾಗ ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಉಳಿಗಳ ಮೊನೆಯೆಲ್ಲ ಮಡಚಿಕೊಂಡು ಅಣಬೆಯ ತಲೆಯಂತಾಗಿತ್ತು.

“ಸೀಸದ ಹಾಗೆ ಮೆತ್ತಗಾಗಿದೆ ಕಣಮ್ಮ. ಹುಡುಗರು ಬೈತಿದಾರೆ. ನಿಮ್ಮಪ್ಪನ ಮುಖ ನೋಡಿ ಇನ್ನೊಂದ್ಸಲ ಕೊಡ್ತೀನಿ. ಇದೂ ಹೀಗಾದ್ರೆ ನನ್ನನ್ನ ಕೇಳಬೇಡ.”

ಅವನು ಹೋದ ಮೇಲೆ ನಾನು ಅಮ್ಮನ ಹತ್ತಿರ ಕೂತೆ. ಬಿಸಿಲು ಓರೆಯಾಗಿ ಅವಳ ಮುಖಕ್ಕೆ ಬೀಳುತ್ತಿತ್ತು. ದಿನಾ ಮುಖ ತೊಳೆಸುವವಳು ನಾನೇ. ಆದರೆ ಬೆಳಕಿನಲ್ಲಿ ಅವಳ ಕಣ್ಣನ್ನು ನೋಡಿರಲಿಲ್ಲ. ಎರಡೂ ಪಾಪೆಗಳ ಮೇಲೆ ಮಂಜು ಕಟ್ಟಿತ್ತು. ಅವಳ ಪಕ್ಕದಲ್ಲಿ ಎರಡು ಟವೆಲ್ ಒಣಗಲು ಹಾಕಿದ್ದೆ, ಒಂದು ಹಳದಿ, ಒಂದು ನೀಲಿ.

“ಅಮ್ಮಾ, ಆ ಹಳದಿ ಟವೆಲ್ ಕೊಡು, ಬೆವರು ಒರೆಸ್ಕೋತೀನಿ” ಎಂದೆ.

ಅಮ್ಮ ಸ್ವಲ್ಪವೂ ಅನುಮಾನಿಸದೆ ನೀಲಿ ಟವೆಲ್ ಎತ್ತಿಕೊಟ್ಟಳು. ನಾನು ಅದರಲ್ಲೇ ಮುಖ ಒರೆಸಿಕೊಂಡು, ಅದರೊಳಗೇ ಒಂದಷ್ಟು ಹೊತ್ತು ಮುಖ ಹುದುಗಿಸಿ ಕೂತೆ. ಬಡಿಯುವಾಗ ಅವಳು ನೋಡುತ್ತಿರಲಿಲ್ಲ, ಕೇಳುತ್ತಿದ್ದಳು. ಕಾದ ಕಬ್ಬಿಣದ ಸದ್ದು ಬೇರೆ, ಆರಿದ ಕಬ್ಬಿಣದ ಸದ್ದು ಬೇರೆ, ಅದು ಅವಳ ಕಿವಿಗೆ ಗೊತ್ತು. ಆದರೆ ಬಣ್ಣಕ್ಕೆ ಸದ್ದಿಲ್ಲ, ಅಲ್ಲಿ ಅವಳದು ಬರೀ ಅಂದಾಜು. ಡಾಕ್ಟರನ್ನು ಕೇಳಿದೆ. ಪೊರೆ ಬಲಿತಿದೆ, ಆದರೆ ಲಕ್ವ ಹೊಡೆದವರು, ರಕ್ತ ತೆಳು ಮಾಡುವ ಮಾತ್ರೆ ಬೇರೆ ನಡೀತಿದೆ, ಸದ್ಯಕ್ಕೆ ಆಪರೇಷನ್ ಮಾತೇ ಬೇಡ ಎಂದರು.

ಈಗ ಏನು ಮಾಡಲಿ? ನಿನಗೆ ಕಣ್ಣು ಕಾಣಲ್ಲ, ನೀನು ಕುಟ್ಟಬೇಡ ಎನ್ನಲೇ? ಮಾತು ಹೋಗಿ, ಕೈಕಾಲು ಹೋಗಿ, ಅವಳಿಗೆ ಉಳಿದದ್ದು ಆ ಟಣ್ ಒಂದೇ. ಅವಳ ಮಾತು ಕೇಳಿದರೆ ಅವಳು ಆರೈಕೆ ಕೇಂದ್ರಕ್ಕೆ, ಕೇಳದಿದ್ದರೆ ಅವಳು ಮನೆಯಲ್ಲೇ. ಇಂಥ ಇಕ್ಕಟ್ಟನ್ನು ನನ್ನ ಹಣೆಗೆ ಬರೆದವನು ಸಿಕ್ಕಿದ್ದರೆ ಅವನ ಕೈಯನ್ನು ಅಡಿಗಲ್ಲಿನ ಮೇಲಿಡಿಸುತ್ತಿದ್ದೆ.

ಕೊನೆಗೆ ಒಂದು ಉಪಾಯ ಹೂಡಿದೆ. ನನ್ನ ಕಣ್ಣಿಗೆ ಕಂದು ಕಂಡ ಕೂಡಲೇ ಸದ್ದಾಗದಂತೆ ಮುಳುಗಿಸುವುದು. ಅಮ್ಮ ಟಣ್ ಎಂದಾಗ ಅದೇ ಉಳಿಯನ್ನು ಅವಳಿಗಾಗಿ ಇನ್ನೊಮ್ಮೆ ಮುಳುಗಿಸುವುದು. ಅವಳೂ ಗೆದ್ದಳು, ಉಳಿಯೂ ಗೆದ್ದಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮಂಚದಿಂದ ದೂರ, ಮೂಲೆಯಲ್ಲಿ ಇನ್ನೊಂದು ಬಕೆಟ್ ಇಟ್ಟೆ. ಗಾಳಿಯ ಯಂತ್ರವನ್ನು ಜೋರಾಗಿ ಓಡಲು ಬಿಟ್ಟೆ, ಅದರ ಗದ್ದಲದಲ್ಲಿ ಮೊದಲ ಸದ್ದು ಮುಚ್ಚಿಹೋಗಲಿ ಎಂದು. ಉಳಿ ಕಾಯಿಸಿ, ತುದಿ ಮುಟ್ಟಿಸಿ, ಉಜ್ಜಿ, ಕಂದು ಬರುತ್ತಲೇ ಮೂಲೆಯ ಬಕೆಟ್ಟಿಗೆ ಇಳಿಸಿದೆ. ಆಮೇಲೆ ಬಂದು ಅಮ್ಮನ ಮುಂದೆ ಹಿಡಿದು ನಿಂತೆ, ಯಂತ್ರ ಆರಿಸಿದೆ. ಅವಳು ಕತ್ತು ಮುಂದೆ ಚಾಚಿ, ಮಂಜು ಕಣ್ಣನ್ನು ಕಿರಿದು ಮಾಡಿ ನೋಡಿದಳು. ಕಾದಳು. ಟಣ್.

ನಾನು ಉಳಿಯನ್ನು ಪಕ್ಕದ ಬಕೆಟ್ಟಿಗೆ ಮುಳುಗಿಸಿದೆ.

ಏನೂ ಸದ್ದಾಗಲಿಲ್ಲ. ತಣ್ಣಗಿನ ಕಬ್ಬಿಣ ನೀರಿಗೆ ಬಿದ್ದರೆ ಯಾಕೆ ಸದ್ದಾಗುತ್ತದೆ? ಇಷ್ಟು ಸಣ್ಣ ವಿಷಯ ನನಗೆ ಹೊಳೆದಿರಲೇ ಇಲ್ಲ. ಜೀವಮಾನವಿಡೀ ಚೊಂಯ್ ಕೇಳಿಕೊಂಡು ಬಂದ ಹೆಂಗಸಿನ ಮುಂದೆ ಈ ಆಟ ಕಟ್ಟಲು ಹೋಗಿದ್ದೆ.

ಅಮ್ಮ ಇನ್ನೊಮ್ಮೆ ಕುಟ್ಟಿದಳು, ಸ್ವಲ್ಪ ಜೋರಾಗಿ. ನಾನು ಮತ್ತೆ ಮುಳುಗಿಸಿದೆ. ಮತ್ತೆ ಮೌನ. ಅವಳು ಎಡಗೈ ಚಾಚಿ, ನಾನು ಬೇಡ ಅಮ್ಮಾ ಎನ್ನುವಷ್ಟರಲ್ಲಿ, ಉಳಿಯನ್ನು ತುದಿಯಿಂದ ಬುಡದವರೆಗೆ ಸವರಿದಳು. ಎಲ್ಲ ಕಡೆಯೂ ತಣ್ಣಗಿತ್ತು. ಆಮೇಲೆ ಮೂಲೆಯ ಬಕೆಟ್ಟಿನ ಕಡೆಗೆ, ಕಾಣದಿದ್ದರೂ, ನಿಧಾನವಾಗಿ ತಲೆ ತಿರುಗಿಸಿದಳು.

“ಅಮ್ಮಾ, ಅದು ಹಾಗಲ್ಲ...” ಎಂದೆ.

ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಚಮಚವನ್ನು ಎತ್ತಿ, ತೊಡೆಯ ಪಕ್ಕದಲ್ಲಿ ಹಾಸಿಗೆಯ ಮೇಲೆ, ಅಪ್ಪ ಸಂಜೆ ಸುತ್ತಿಗೆ ಮಲಗಿಸುತ್ತಿದ್ದ ಹಾಗೆ, ಅಡ್ಡಕ್ಕೆ ಮಲಗಿಸಿದಳು.

ಉಳಿಗಳು ಗೆದ್ದವು. ಮೇಸ್ತ್ರಿ ಮಾತು ಉಳಿಸಿಕೊಂಡ, ಈಗ ವಾರ ವಾರ ಕಟ್ಟು ಬರುತ್ತದೆ. ಅಣ್ಣ ಬಂದು ಉಂಡ, ಹಿತ್ತಿಲು ನೋಡಿದ, “ಪರವಾಗಿಲ್ವೇ, ಅಪ್ಪನ ಮಗಳೇ ನೀನು” ಎಂದ. ಆರೈಕೆ ಕೇಂದ್ರದ ಸುದ್ದಿ ಎತ್ತಲೇ ಇಲ್ಲ. ಅಮ್ಮ ಮನೆಯಲ್ಲೇ ಇದ್ದಾಳೆ. ನಾನು ಬಯಸಿದ್ದು ಅದೇ, ಅದು ನನಗೆ ದಕ್ಕಿದೆ.

ಆದರೆ ಅವಳು ಕುಟ್ಟುವುದಿಲ್ಲ. ಬಡಿತಕ್ಕೂ ಇಲ್ಲ, ನೀರಿಗೂ ಇಲ್ಲ, ಮಗ್ಗುಲಿಗೂ ಇಲ್ಲ. ನಾನೇ ಹೋಗಿ ಹೋಗಿ ಕೇಳಬೇಕು. “ಬಣ್ಣ ನಾನು ನೋಡ್ಕೋತೀನಿ, ಕಾವು ನೀನು ಹೇಳಮ್ಮಾ, ಅದು ನನ್ನ ಕಿವಿಗೆ ಹತ್ತಲ್ಲ” ಎಂದು ಕೈ ಹಿಡಿದು ಬೇಡಿಕೊಂಡಿದ್ದೇನೆ. ಅದು ನಿಜವೂ ಹೌದು, ಇವತ್ತಿಗೂ ಆರಿದ ಕಬ್ಬಿಣವನ್ನು ಬಡಿದು ಅಂಚು ಸೀಳಿಸುತ್ತೇನೆ. ಒಂದೆರಡು ಸಲ ಬೇಕೆಂದೇ ತಣ್ಣನೆಯ ಕಬ್ಬಿಣದ ಮೇಲೆ ಸುಮ್ಮನೆ ಬಡಿಯುತ್ತಾ ಹೋಗಿ, ತಡೆಯಲಾರದೆ ಕುಟ್ಟಿಯಾಳು ಎಂದು ಕಾದಿದ್ದೇನೆ. ಅವಳ ಎಡಗೈ ಬೆರಳುಗಳು ಅಲುಗುತ್ತವೆ, ಅಷ್ಟೇ.

ದಿನಾ ಬೆಳಗ್ಗೆ ಬೆಂಕಿ ಹಾಕುವ ಮುಂಚೆ ಚಮಚ ತೊಳೆದು ಒರೆಸಿ, ಅಮ್ಮನ ಎಡಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ ಬರುತ್ತೇನೆ. ಅವಳು ಬೇಡ ಅನ್ನುವುದಿಲ್ಲ. ಉಳಿ ಕಾದು ಕೆಂಪಾಗುವಷ್ಟರಲ್ಲಿ ತಿರುಗಿ ನೋಡಿದರೆ, ಚಮಚ ಹಾಸಿಗೆಯ ಮೇಲೆ ಅಡ್ಡ ಮಲಗಿರುತ್ತದೆ.